ಕಾವಿಗೆ ಕುಂತ ಕೋಳಿ

ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದ ಆಡುವ ಹಾಗಿರಲಿಲ್ಲ. ಆಡಲೇಬೇಕಾಗಿ ಬಂದರೆ ‘ಅದು’ ಅನ್ನಬೇಕು. ತಿರ್ಲಾಪುರದ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ, ಪ್ಯಾಟಿಯಲ್ಲಿ ತತ್ತಿ ತುಟ್ಟಿಯಾಗಿದೆಯಂತೆ ಎಂದುಬಿಟ್ಟೆ. ದೇವರ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ಅದನ್ನು ಅಲ್ಲೇ ಇಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಮತ್ತೆ ಹೊಸೆಯಲು ಕೂತರು. ಕೇಳಿದ್ದು ಕಿವಿ, ತೊಳೆದದ್ದು ಕೈ! ನನಗೆ ನಗು ತಡೆಯಲಿಲ್ಲ, ಅದಕ್ಕೂ ಬೈಸಿಕೊಂಡೆ. ಲಿಂಗ ಕಟ್ಟಿದ ಮನೆತನ, ನಿಜ. ನನ್ನ ತವರೂ ಅದೇ. ಆದರೆ ನಮ್ಮ ತವರಿನಲ್ಲಿ ತಿನ್ನುತ್ತಿರಲಿಲ್ಲ ಅಷ್ಟೇ, ಹೆಸರಿಗೆಲ್ಲ ಹೆದರುತ್ತಿರಲಿಲ್ಲ. ಇನ್ನು ನಮ್ಮ ಮನೆಯವರು ನವಲಗುಂದಕ್ಕೆ ಹೋದಾಗ ಏನು ತಿನ್ನುತ್ತಾರೋ ನಾನು ಕೇಳಿಲ್ಲ, ಅವರು ಹೇಳಿಲ್ಲ.

ಅಂಥ ಮನೆಯೊಳಗೆ ಒಂದು ಕೋಳಿ ಬಂದು ಮರಿ ಮಾಡಲು ಕೂತದ್ದು ಹೇಗೆ ಎಂದು ಓಣಿಯ ಹೆಂಗಸರು ಈಗಲೂ ಕೇಳುತ್ತಾರೆ. ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ಕೋಳಿ ನಮ್ಮ ಬಾಜು ಮನೆಯವಳದು. ಕುರಿ ಸಾಕುವ ಮನೆತನ. ಗಂಡ ಕುರಿ ಹೊಡೆದುಕೊಂಡು ಮೇವಿದ್ದ ಕಡೆ ಹೋಗಿಬಿಟ್ಟರೆ ಮನೆಯಲ್ಲಿ ಇವಳು, ಇವಳ ಕೋಳಿಗಳು. ನನಗಿಂತ ಸಣ್ಣವಳು, ನಾನು ತಂಗಿ ಎಂದೇ ಕರೆಯುವುದು. ಅವಳು ನನಗೆ ಅಕ್ಕಾರ ಅನ್ನುತ್ತಾಳೆ. ಮದುವೆಯಾಗಿ ಬರುವಾಗ ಅವಳ ಅವ್ವ ಒಂದು ಹ್ಯಾಟಿಯನ್ನು, ಅಂದರೆ ಹೆಣ್ಣುಕೋಳಿಯನ್ನು, ಬುಟ್ಟಿಯಲ್ಲಿ ಕೂಡಿಸಿ ಕಳಿಸಿದ್ದಳಂತೆ. ಅಗದಿ ಜವಾರಿ ತಳಿ, ಬೂದಿ ಬಣ್ಣದ ಮೈ, ಕುತ್ತಿಗೆ ಮಾತ್ರ ಕೆಂಪು. ಹಿತ್ತಿಲಲ್ಲಿ ಆಡುತ್ತಿದ್ದ ಅಷ್ಟೂ ಕೋಳಿ ಆ ಒಂದು ಹ್ಯಾಟಿಯ ಮಕ್ಕಳು, ಮೊಮ್ಮಕ್ಕಳು. ಅವ್ವ ತೀರಿಕೊಂಡಳು, ತವರಲ್ಲಿ ಕರೆಯುವವರು ಯಾರೂ ಉಳಿಯಲಿಲ್ಲ. “ನನ್ನ ತವರಮನಿ ಅಂದ್ರ ಇವ ನೋಡ್ರಿ ಅಕ್ಕಾರ, ತಿಪ್ಪಿ ಕೆದರಕೋತ ಹೊಂಟಾವ” ಎಂದು ಕೋಳಿ ತೋರಿಸಿ ನಗುತ್ತಿದ್ದಳು.

ಆ ವರ್ಷ ಚಳಿ ಹೋಗುವ ಹೊತ್ತಿಗೆ ಓಣಿಯ ಕೋಳಿಗಳಿಗೆ ಬ್ಯಾನೆ ಬಂತು. ಕುತ್ತಿಗೆ ತಿರುಚಿಕೊಂಡು, ತೂಕಡಿಸಿ, ಒಂದೊಂದಾಗಿ ಬಿದ್ದವು. ಓಣಿಯ ಆ ತುದಿಯ ಜಗಳಗಂಟ ಹುಂಜ ಒಂದಕ್ಕೆ ಮಾತ್ರ ಏನೂ ಆಗಲಿಲ್ಲ. ತಂಗಿಯ ಹಿತ್ತಿಲಲ್ಲಿ ಉಳಿದದ್ದು ಒಂದೇ ಹ್ಯಾಟಿ. ಅದಾದರೂ ಎಲ್ಲೋ ಕದ್ದು ತತ್ತಿ ಇಡುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಬಣವೆ ಹುಡುಕಿದಳು, ಕುರಿದೊಡ್ಡಿ ಹುಡುಕಿದಳು. “ಇದೊಂದು ಹೋತಂದ್ರ ನಮ್ಮವ್ವನ ಕೋಳಿ ಮುಗದಂಗ್ರಿ” ಅಂದಳು. ಸುಮ್ಮಸುಮ್ಮನೆ ಅಳುವವಳಲ್ಲ ಅವಳು. ಅವತ್ತು ಅವಳ ದನಿ ಕೇಳಿ ನನಗೇ ಕಸಿವಿಸಿಯಾಯಿತು.

ನಮ್ಮ ಒಳಕೋಣೆಯಲ್ಲಿ ಆಗ ಹತ್ತಿ ತುಂಬಿತ್ತು. ಹಳೆಯ ಮಣ್ಣಿನ ಮಾಳಿಗೆಯ ಮನೆ ನಮ್ಮದು. ಆ ಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ, ಮೇಲೆ ಗಾಜು ಮುಚ್ಚಿದ್ದೇವೆ. ಅದರಿಂದ ಇಳಿಯುವ ಒಂದಿಷ್ಟು ಬೆಳಕೇ ಗತಿ. ಅತ್ತೆ ಬತ್ತಿಗೆ ಹತ್ತಿ ತಾ ಎಂದದ್ದಕ್ಕೆ ಹೋದವಳು ಮೂಲೆಯ ರಾಶಿಗೆ ಕೈ ಹಾಕಿದೆ ನೋಡಿ, ಏನೋ ಬಿಸಿ ತಾಕಿತು, ಮರುಕ್ಷಣ ಮುಂಗೈಗೆ ಫಟ್ಟನೆ ಕುಕ್ಕಿತು. ನಾನು ಹಾವೇ ಎಂದುಕೊಂಡು ಕಿರುಚಿದ್ದು ಬಾಜು ಮನೆಗೆ ಕೇಳಿಸಿತು. ತಂಗಿ ಓಡಿ ಬಂದು, ಮೊಬೈಲ್ ಬ್ಯಾಟರಿ ಹಚ್ಚಿ ನೋಡಿ, ಅಲ್ಲೇ ಕುಕ್ಕರಿಸಿ ಕೂತುಬಿಟ್ಟಳು.

“ಅಯ್ಯ ಶಿವನ! ಇಲ್ಲೆ ಐತ್ರಿ ಅಕ್ಕಾರ! ಕಾವಿಗೆ ಕುಂತೈತ್ರಿ!”

ಅತ್ತೆ ಹೊಸ್ತಿಲಲ್ಲಿ ಬಂದು ನಿಂತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. “ಏನಂದಿ? ಕಾವಿಗಾ?” ಅಂದರು.

“ಹೌದ್ರಿ ಅವ್ವಾರ, ಕಾವಿಗೆ ಕುಂತೈತ್ರಿ.”

ಇಲ್ಲಿಯೇ ಎಲ್ಲ ಎಡವಟ್ಟು ಶುರುವಾದದ್ದು. ಕೋಳಿ ಸಾಕುವವರ ಬಾಯಲ್ಲಿ ಅದು ಕಾವು, ತತ್ತಿಗೆ ಮೈಯ ಬಿಸಿ ಕೊಡುವುದು. ಹುಟ್ಟಿದಾಗಿನಿಂದ ಮಠಕ್ಕೆ ನಡೆದುಕೊಂಡ ಅತ್ತೆಗೆ ಕಾವಿ ಅಂದರೆ ಒಂದೇ, ಸ್ವಾಮಿಗಳು ಉಡುವ ಅರಿವೆ. ‘ಕಾವಿಗೆ’ ಎಂದಾಗ ಎರಡೂ ಒಂದೇ ಶಬ್ದ, ಯಾರು ತಾನೇ ಏನು ಮಾಡಿಯಾರು? ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಕೋಳಿ ಮೈ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ, ಜಗತ್ತೇ ಬೇಡ ಎಂಬಂತೆ ಕೂತಿತ್ತು.

“ಊಟಾ?” ಎಂದು ಕೇಳಿದರು.

“ದಿನಾ ಒಂದ ಹೊತ್ತ ಎದ್ದ ನಾಕ ಕಾಳ ತಿಂದ, ನೀರ ಕುಡದ ಬರತೈತ್ರಿ. ಮತ್ತೇನಿಲ್ರಿ.”

“ಮಾತು?”

“ಮಾತೆಲ್ಲಿದ್ರಿ ಅವ್ವಾರ. ಮುಟ್ಟಾಕ ಹೋದ್ರ ಗುರ್ ಅಂತೈತಿ.”

“ನಮ್ಮ ಮಠದ ಅಜ್ಜಾರೂ ಅನುಷ್ಠಾನಕ್ಕ ಕುಂತಾಗ ಹಿಂಗ” ಎಂದರು ಅತ್ತೆ, ಅಗದಿ ಗಂಭೀರವಾಗಿ.

ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ, ಅದು ನನ್ನ ಹುಟ್ಟುಗುಣ. “ಅತ್ತಿ, ಅದು ಕಾವಿ ಅಲ್ರಿ, ಕಾವು” ಅಂದೆ. “ನನಗ ಕನ್ನಡಾ ಕಲಸಬ್ಯಾಡ” ಎಂದು ಗದರಿಸಿದರು. “ಒಂದ ಕಡೆ ಕುಂತ, ಅನ್ನಾ ಬಿಟ್ಟ, ಮಾತ ಬಿಟ್ಟ ಕಣ್ಣ ಮುಚ್ಚಿದ್ರ ಅದಕ್ಕ ಮತ್ತೇನಂತಾರ ಹೇಳ ನೋಡೂಣು?” ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ, ಇವತ್ತಿಗೂ ನನಗೆ ಉತ್ತರ ಹೊಳೆದಿಲ್ಲ.

ತಂಗಿಯ ಸಂಕಟ ಬೇರೆಯಿತ್ತು. ಕಾವಿಗೆ ಕೂತ ಕೋಳಿಯ ಜಾಗ ಬದಲಿಸಿದರೆ ಎದ್ದುಬಿಡುತ್ತದೆ, ತಿರುಗಿ ಕೂರುವುದಿಲ್ಲ. ಮೇಲಾಗಿ ಅವಳ ಹಿತ್ತಿಲಲ್ಲಿ ಬ್ಯಾನೆ ಇನ್ನೂ ಹೋಗಿರಲಿಲ್ಲ. ಅದನ್ನೆಲ್ಲ ಹೇಳಿ, ಕೈಮುಗಿದು, ಅತ್ತೆಯ ಮುಖ ನೋಡುತ್ತ ನಿಂತಳು. ಅತ್ತೆ ಸೊಂಟದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟು, ಅಷ್ಟು ಹೊತ್ತು ನಮ್ಮನ್ನು ಕಾಯಿಸಿ ತೀರ್ಪು ಕೊಟ್ಟರು: “ಕೋಳಿ ಇರ್ಲಿ. ಕುಂತದ್ದನ್ನ ಎಬ್ಬಸೂದು ಪಾಪ. ಆದ್ರ ಅದರ ಬುಡಕ ಏನೈತಿ ಅಂತ ನಾ ಕೇಳಂಗಿಲ್ಲ, ನೀವು ಹೇಳಬ್ಯಾಡ್ರಿ.”

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು ಅನ್ನಬೇಕು. ಒಲೆಯ ಮೇಲೆ ಅನ್ನ ಇಟ್ಟು ಕೋಣೆಗೆ ಹೋಗುತ್ತಿದ್ದೆ, ಅದು ಸೀದ ವಾಸನೆ ಬಂದಾಗ ಓಡಿ ಬರುತ್ತಿದ್ದೆ. ಅಷ್ಟು ವರ್ಷ ಬದುಕಿದರೂ ಇದೊಂದನ್ನೂ ನಾನು ನೋಡಿರಲಿಲ್ಲವಲ್ಲ! ತಂಗಿ ಪ್ರತಿ ತತ್ತಿಗೂ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದಳು. ಬೆಳಿಗ್ಗೆ ಗೆರೆ ಮೇಲಿದ್ದರೆ ಸಂಜೆ ಕೆಳಗಿರುತ್ತಿತ್ತು. ಕೋಳಿ ತನ್ನ ಕೊಕ್ಕಿನಿಂದ ಒಂದೊಂದನ್ನೂ ಹೊರಳಿಸುತ್ತಿತ್ತು, ಅಂಚಿನದನ್ನು ನಡುವೆ ತಂದು ನಡುವಿನದನ್ನು ಅಂಚಿಗೆ ದಬ್ಬುತ್ತಿತ್ತು. ಇದನ್ನು ಅದಕ್ಕೆ ಯಾರು ಹೇಳಿಕೊಟ್ಟರು? ಎದೆಯ ಗರಿಯೆಲ್ಲ ಉದುರಿ ಬರಿ ಚರ್ಮ ಕಾಣುತ್ತಿತ್ತು, ಆ ಚರ್ಮವೇ ತತ್ತಿಗೆ ತಾಕಬೇಕಂತೆ. ಗುಡುಗಿಗೆ ಒಳಗಿನ ಜೀವ ಬೆಚ್ಚಬಾರದೆಂದು ತಂಗಿ ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು ಇಟ್ಟಳು. ಅತ್ತೆ ತಾವೂ ಕಡಿಮೆಯಿಲ್ಲ ಎಂದು ಹೊಸ್ತಿಲಲ್ಲೇ ನಿಂತು ಒಂದು ಚಿಟಿಕೆ ವಿಭೂತಿ ಎಸೆದರು. ಅದು ಹೋಗಿ ನನ್ನ ತಲೆಯ ಮೇಲೆ ಬಿತ್ತು.

ಒಮ್ಮೆ ಕೋಳಿ ಮೇಯಲು ಎದ್ದಾಗ ತಂಗಿ ಒಂದು ತತ್ತಿಯನ್ನು ಬ್ಯಾಟರಿಯ ಬೆಳಕಿಗೆ ಹಿಡಿದಳು. ಒಳಗೆ ಕೆಂಪು ನರಗಳು, ಅರಳಿ ಎಲೆಯನ್ನು ಬಿಸಿಲಿಗೆ ಹಿಡಿದಾಗ ಕಾಣುವಂಥವು. ನಡುವೆ ಒಂದು ಕಪ್ಪು ಚುಕ್ಕೆ ಮಿಡಿಯುತ್ತಿತ್ತು. ನನ್ನ ಕಣ್ಣಾಣೆ, ಮಿಡಿಯುತ್ತಿತ್ತು. “ಅತ್ತಿ, ಬರ್ರಿ, ನೋಡ್ರಿ!” ಎಂದು ಕೂಗಿಕೊಂಡೆ. ಅವರು ಬರಲಿಲ್ಲ. ಆದರೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಮೆಲ್ಲಗೆ, “ಹೆಂಗಿತ್ತು?” ಎಂದರು.

“ಯಾವುದ್ರಿ?”

“ಅದು.”

“ಕೋಳಿನಾ?”

“ಕೋಳಿ ಬುಡಕಿಂದು ಬೇ! ಎಲ್ಲಾ ಬಿಡಿಸಿ ಹೇಳಬೇಕು ಇಕಿಗೆ!”

ಹೇಳಿದೆ. ಅತ್ತೆ ಪಲ್ಲೆ ಹಾಕಿಸಿಕೊಳ್ಳುವುದನ್ನು ಮರೆತು ಕೇಳಿದರು. ಕೈ ತೊಳೆಯಲು ಎದ್ದರು, ಆದರೆ ಅದು ಊಟ ಮುಗಿದ ಮೇಲೆ.

ಮರಿ ಹೊರಬರಲು ಇನ್ನು ಕೆಲವೇ ದಿನ ಇರುವಾಗ ನಮ್ಮ ಮನೆಯವರು ಹತ್ತಿ ಸಾಗಿಸುವ ಮುಹೂರ್ತ ಇಟ್ಟರು. ಕೋಳಿಯ ಮೂಲೆ ಬಿಟ್ಟು ಉಳಿದದ್ದನ್ನೆಲ್ಲ ಬೆಳಿಗ್ಗೆಯೇ ಟ್ರ್ಯಾಕ್ಟರಿಗೆ ತುಂಬಿಸಿ ಹುಬ್ಬಳ್ಳಿಗೆ ಹೊರಟುಹೋದರು. ಅದೇ ದಿನ ಶಲವಡಿಯಲ್ಲಿ ಅತ್ತೆಯ ತಮ್ಮನ ಮೊಮ್ಮಗಳಿಗೆ ಕುಬಸ, ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಬಸ್ಸು ಹೆಂಗಸರಿಗೆ ಪುಕ್ಕಟೆ ಆದಾಗಿನಿಂದ ಅತ್ತೆ ಒಂದು ಕುಬಸವನ್ನೂ ಬಿಟ್ಟವರಲ್ಲ. ನಾನು ನೀರು ತರಲು ಹೋಗಿದ್ದೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಕೋಣೆಯ ಬಾಗಿಲು ತೆರೆದಿತ್ತು, ಬೆಕ್ಕೊಂದು ಪಡಸಾಲೆಯಲ್ಲಿ ಸುಳಿದಾಡುತ್ತಿತ್ತು. ಅತ್ತೆ ಒಳಗೆ ಇಣುಕಿದರು. ಕತ್ತಲಲ್ಲಿ ಹತ್ತಿಯ ಗುಡ್ಡೆ ಕಂಡಿತು, ಕೋಳಿ ಅಲ್ಲೇ ಇದೆ ಎಂದುಕೊಂಡರು. ಅನುಷ್ಠಾನ ಕೆಡಬಾರದು ನೋಡಿ! ಬಾಗಿಲು ಎಳೆದು, ಮುತ್ತಜ್ಜನ ಕಾಲದ ಕೀಲಿ ಜಡಿದು, ಚಾವಿ ಸಂಚಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಕೋಳಿ ತಿಪ್ಪೆಯ ಮೇಲಿತ್ತು, ಕಾಳು ತಿನ್ನುತ್ತಿತ್ತು.

ನಾನು ಕೊಡ ಇಳಿಸುವಷ್ಟರಲ್ಲಿ ಅದು ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತ ಒಂದೇ ಸಮನೆ ಅರಚುತ್ತಿತ್ತು. ಅಷ್ಟು ದಿನ ಮೌನ ಹಿಡಿದದ್ದು ಈಗ ಓಣಿಯೆಲ್ಲ ಕೇಳುವಂತೆ ಬೈಯುತ್ತಿತ್ತು. ತಂಗಿ ಬಂದವಳು ಕೀಲಿ ಹಿಡಿದು ಜಗ್ಗಿ ನೋಡಿದಳು. “ಆರಿದ್ವು ಅಂದ್ರ ಮುಗೀತ್ರಿ ಅಕ್ಕಾರ. ತಣ್ಣಗಾದ್ರ ಒಳಗಿನ ಜೀವ ಉಳಿಯೂದಿಲ್ಲ.”

ಅತ್ತೆಯ ಗುಂಡಿ ಫೋನಿಗೆ ಮಾಡಿದೆ. ಹಿಂದೆ ಹೆಂಗಸರ ಹಾಡು, ಬಳೆ, ಗದ್ದಲ.

“ಅತ್ತಿ, ಕೋಳಿ ಹೊರಗ ಐತ್ರಿ! ಕೋಳಿ!”

“ಹೋಳಿಗಿನಾ? ಹೂಂ ಬೇ, ಹೋಳಿಗಿನ ಮಾಡ್ಯಾರ. ಭಾಳ ಚಲೋ ಆಗ್ಯಾವು.”

“ಹೋಳಿಗಿ ಅಲ್ರೀ! ಕೋ…ಳಿ!”

“ತರತೇನಿ ಬೇ, ತರತೇನಿ. ನಿನಗೂ ಕಟ್ಟಸ್ಕೊಂಡ ಬರತೇನಿ” ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವರ ಕಿವಿಯ ಮೇಲೆ, ಹೋಳಿಗೆಯ ಮೇಲೆ, ಆ ಹಾಳು ಶಬ್ದದ ಮೇಲೆ.

ಕೀಲಿ ಒಡೆದೇಬಿಡೋಣ ಎಂದು ಗುಂಡುಕಲ್ಲು ತಂದು ಎರಡೇಟು ಹಾಕಿದೆ. ಅದಕ್ಕೇನೂ ಆಗಲಿಲ್ಲ, ನನ್ನ ರಟ್ಟೆ ನೊಂದಿತು. ತಂಗಿ ಬಂದು ನನ್ನ ಕೈ ಹಿಡಿದುಕೊಂಡಳು. “ಬ್ಯಾಡ್ರಿ! ಒಳಗ ಗುಡುಗು ಬಡದಂಗ ಆಗತೈತ್ರಿ!” ನಾನು ಕಲ್ಲು ಕೆಳಗಿಟ್ಟೆ. ಆಗ ಅವಳ ಕಣ್ಣು ಮಾಳಿಗೆಯ ಕಡೆ ಹೋಯಿತು. “ಅಕ್ಕಾರ, ಬೆಳಕಿಂಡಿ!”

ನನ್ನ ಮೈ ನಿಚ್ಚಣಿಕೆ ಹತ್ತುವಂಥದಲ್ಲ, ಆದರೂ ಹತ್ತಿದೆ. ಓಣಿಯವರು ಕಟ್ಟೆಯ ಮೇಲೆ ನಿಂತು ನೋಡಿ ನಕ್ಕಿದ್ದು ನನಗೆ ಗೊತ್ತು, ಯಾರು ಯಾರೆಂಬುದೂ ಗೊತ್ತು. ತಂಗಿ ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆಯೇ ಬಂದಳು. ಗಾಜು ಸರಿಸಿ, ಬುಟ್ಟಿಗೆ ಬಾವಿಯ ಹಗ್ಗ ಕಟ್ಟಿ, ಕೋಳಿಯನ್ನು ಅದರಲ್ಲಿ ಕೂಡಿಸಿ ಮೆಲ್ಲಗೆ ಇಳಿಬಿಟ್ಟೆವು. ಅರ್ಧ ದಾರಿಯಲ್ಲಿ ಅದು ಬುಟ್ಟಿ ಬಿಟ್ಟು ಪಟಪಟ ರೆಕ್ಕೆ ಬಡಿದು ಕತ್ತಲೊಳಗೆ ಬಿತ್ತು. ಆಮೇಲೆ ಸದ್ದೇ ಇಲ್ಲ.

ನಾವಿಬ್ಬರೂ ಮಾಳಿಗೆಯ ಮೇಲೆ ಬೋರಲು ಮಲಗಿ ಕಿಂಡಿಯಲ್ಲಿ ತಲೆ ತೂರಿಸಿದೆವು. ಕಣ್ಣಿಗೆ ಕತ್ತಲು ಒಗ್ಗಿದ ಮೇಲೆ ಕಂಡಿತು: ಕೋಳಿ ಬರಿದಾದ ನೆಲದ ನಡುವೆ ನಿಂತಿದೆ. ಬೆಳಿಗ್ಗೆ ಹತ್ತಿ ತುಂಬಿದ ಕೋಣೆ ಈಗ ಖಾಲಿ, ಅದಕ್ಕೆ ಗುರುತು ಸಿಗುತ್ತಿಲ್ಲ. ಗೋಡೆಯ ಕಡೆ ಹೋಯಿತು, ನೆಲ ಕುಕ್ಕಿತು, ಬಾಗಿಲ ಕಡೆ ಹೋಯಿತು. “ಹೋಗವ್ವಾ, ಹೋಗು, ಅಲ್ಲೆ ಅದಾವ ನೋಡ” ಎಂದು ತಂಗಿ ಉಸುರುತ್ತಿದ್ದಳು. ಕೊನೆಗೆ ಅದು ಕುತ್ತಿಗೆ ಓರೆ ಮಾಡಿ ಮೂಲೆಯನ್ನು ನೋಡಿ, ಅಗದಿ ಸಾವಕಾಶ ನಡೆದು ಹತ್ತಿ ಏರಿತು. ಒಂದೊಂದನ್ನೂ ಕೊಕ್ಕಿನಿಂದ ಮುಟ್ಟಿ ನೋಡಿತು. ರೆಕ್ಕೆ ಅಗಲಿಸಿ ಕೂತಿತು.

ಸಂಜೆ ಅತ್ತೆ ಹೋಳಿಗೆಯ ಗಂಟು ಹಿಡಿದು ಬಂದಾಗ ನಾನು ತಡೆಯದೆ ಎಲ್ಲ ಹೇಳಿದೆ, ದನಿ ಏರಿಸಿಯೇ ಹೇಳಿದೆ. ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. “ನಾ ಅದನ್ನ ಕಾಯಾಕಂತ ಕೀಲಿ ಹಾಕಿದ್ನಿ ಬೇ” ಅಂದರು. ಸಂಚಿಯಿಂದ ಚಾವಿ ತೆಗೆದು ಕೊಟ್ಟರು. ತಂಗಿ ಒಳಗೆ ಹೋಗಿ ಕೋಳಿಯ ಕೆಳಗೆ ಕೈ ಇಟ್ಟು ನೋಡಿದಳು. ಬಿಸಿ ಇದ್ದವು. ಆದರೆ ಅದು ಕೋಳಿಯ ಬಿಸಿ. ಒಳಗೆ ಜೀವ ಇದೆಯೋ ಹೋಗಿದೆಯೋ ಗೊತ್ತಾಗುವ ಹಾಗಿರಲಿಲ್ಲ, ಬೆಳಕಿಗೆ ಹಿಡಿದರೂ ಅಷ್ಟೊತ್ತಿಗೆ ಮರಿ ಬೆಳೆದು ತುಂಬಿಕೊಂಡು ಎಲ್ಲ ಕಪ್ಪು. ಸುತ್ತ ಹತ್ತಿ ಇತ್ತಲ್ಲ, ಅಷ್ಟು ಬೇಗ ಆರಿರಲಿಕ್ಕಿಲ್ಲ ಎಂದು ನಾನು ಅಂದೆ. ತಂಗಿ ಸುತ್ತಲಿನ ಹತ್ತಿಯನ್ನು ಕೋಳಿಯ ಹತ್ತಿರಕ್ಕೆ ಒತ್ತರಿಸಿ, ಎದ್ದು ತನ್ನ ಮನೆಗೆ ಹೋದಳು. ಅತ್ತೆಗೆ ಒಂದು ಮಾತು ಅಂದಿದ್ದರೂ ಚೆನ್ನಾಗಿತ್ತು.

ಅವತ್ತು ರಾತ್ರಿಯಿಂದ ಅತ್ತೆ ಎಲೆಅಡಿಕೆ ಬಿಟ್ಟರು. ಮರಿ ಹೊರಗೆ ಬರುವ ತನಕ ಬಾಯಿಗೆ ಹಾಕುವುದಿಲ್ಲ ಎಂದರು. ಉಪವಾಸ ಬೇಕಾದರೆ ಮಾಡಿಯಾರು, ಎಲೆ ಬಿಟ್ಟು ಇದ್ದ ಅತ್ತೆಯನ್ನು ನಾನು ಯಾವತ್ತೂ ಕಂಡಿಲ್ಲ. ಕೋಣೆಯ ಹೊಸ್ತಿಲ ಹೊರಗೆ ಚಾಪೆ ಹಾಕಿಕೊಂಡು ಕೂತರು. “ಈಗ ಇಬ್ಬರು ಕಾವಿಗೆ ಕುಂತಂಗಾತು” ಎಂದು ನಾನು ಚೇಷ್ಟೆ ಮಾಡಿದೆ. ಅವರು ಚಾಪೆಯನ್ನು ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ತಂಗಿ ಹೇಳಿದ ದಿನ ಬಂತು, ಹೋಯಿತು. ಮರುದಿನವೂ ಏನಿಲ್ಲ. ತಂಗಿ ಗೋಡೆಯ ಆಚೆಯಿಂದಲೇ, “ಬಿಡ್ರಿ ಅಕ್ಕಾರ, ನನ್ನ ನಸೀಬ ಅಷ್ಟ” ಅಂದಳು, ಒಳಗೆ ಬರಲಿಲ್ಲ. ನಾನು ಏನು ಹೇಳಲಿ ಎಂದು ಹುಡುಕುತ್ತಿರುವಾಗ ಅತ್ತೆ ಕೂತಲ್ಲಿಂದಲೇ ಗರ್ಜಿಸಿದರು. “ಬಿಡೂದೇನ ಬಿಡೂದು? ಅದು ಎದ್ದೈತೇನು? ಕುಂತದ್ದ ಎದ್ದಿಲ್ಲ, ನೀ ಯಾಕ ಎದ್ದಿ? ಬಾ ಇಲ್ಲೆ, ಕುಂದರು!”

ತಂಗಿ ಬಂದಳು, ಅತ್ತೆಯ ಚಾಪೆಯ ತುದಿಯಲ್ಲಿ ಕೂತಳು. ಆ ಚಾಪೆಯ ಮೇಲೆ ಅವಳು ಕೂತದ್ದು ಅದೇ ಮೊದಲು.

ಅದರ ಮರುದಿನ ಬೆಳಿಗ್ಗೆ ನಾನು ಕಸ ಹೊಡೆಯುವಾಗ ಕೋಳಿ ಹೊಸದೊಂದು ದನಿ ತೆಗೆಯುತ್ತಿತ್ತು. ಮೆಲ್ಲಗೆ, ಗಂಟಲೊಳಗೇ, ಯಾರ ಜೊತೆಗೋ ಹರಟುವ ಹಾಗೆ. ತಂಗಿಯನ್ನು ಕೂಗಿದೆ. ಅವಳು ಕೈ ತೂರಿಸಿ ಒಂದು ತತ್ತಿ ತೆಗೆದು ಕಿವಿಗಿಟ್ಟುಕೊಂಡಳು. ಅವಳ ಮುಖ ನೋಡಿದೆ, ಕೇಳುವ ಅಗತ್ಯವೇ ಬೀಳಲಿಲ್ಲ. ಆದರೂ ಕಸಿದುಕೊಂಡು ನನ್ನ ಕಿವಿಗೂ ಇಟ್ಟುಕೊಂಡೆ. ಟಕ್, ಟಕ್, ಆಮೇಲೆ ಸಣ್ಣಗೆ ಚೀಂವ್. ಮುಚ್ಚಿದ ತತ್ತಿಯೊಳಗಿಂದ! ಅಷ್ಟರಲ್ಲಿ ಕೋಳಿಯ ರೆಕ್ಕೆಯ ಸಂದಿಯಿಂದ ಒಂದು ಒದ್ದೆ ತಲೆ ಹೊರಗೆ ಇಣುಕಿತು, ಕುತ್ತಿಗೆಯ ಮೇಲೆ ಕೆಂಪು ನವಿರು. ತಂಗಿ ಅದನ್ನು ನೋಡಿ “ನಮ್ಮವ್ವ” ಅಂದಳು, ಬೆರಳ ತುದಿಯಿಂದ ಆ ಕೆಂಪನ್ನು ಸವರಿದಳು.

“ಏನಂತೈತಿ? ನನಗೇನೂ ಕೇಳವಲ್ದು” ಎಂದು ಅತ್ತೆ ಹೊಸ್ತಿಲಲ್ಲಿ ಚಡಪಡಿಸುತ್ತಿದ್ದರು. ನಾನು ತತ್ತಿಯನ್ನು ಅವರ ಕಿವಿಯ ಹತ್ತಿರ, ಮುಟ್ಟದ ಹಾಗೆ, ಹಿಡಿದೆ. ತಲೆ ಅಲ್ಲಾಡಿಸಿದರು, ಕೇಳುತ್ತಿಲ್ಲ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಎಡಗೈ ಚಾಚಿದರು.

“ತಾ ಇಲ್ಲೆ.”

ದಿನಾ ಮುಂಜಾನೆ ಲಿಂಗ ಇಟ್ಟುಕೊಂಡು ಪೂಜೆ ಮಾಡುವ ಅಂಗೈ ಅದು. ತಂಗಿ ಹೆದರಿ ನನ್ನ ಮುಖ ನೋಡಿದಳು. ನಾನೂ ಹಿಂದೆಮುಂದೆ ನೋಡಿದೆ. “ತಾ ಅಂದ್ನೆಲ್ಲ” ಎಂದರು. ಇಟ್ಟೆ. ಅತ್ತೆ ಬೆರಳು ಮಡಚಿ, ಕಣ್ಣು ಮುಚ್ಚಿದರು.

“ಬಡ್ಯಾಕತ್ತೈತಿ” ಎಂದರು. ಇನ್ನಷ್ಟು ಹೊತ್ತು ತಡೆದು, “ಬಾಗಲಾ ತಗೀರಿ ಅಂತ ಬಡ್ಯಾಕತ್ತೈತಿ ಬೇ.” ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯಿತು. ಅಂಗೈಯನ್ನು ಬಾಯಿಯ ಹತ್ತಿರ ತಂದು, ತತ್ತಿಗೆ ಮಾತ್ರ ಕೇಳುವ ಹಾಗೆ ಹೇಳಿದರು: “ತಡೀ ನಮ್ಮಪ್ಪಾ. ಈ ಸಲ ಚಾವಿ ನನ್ನ ಕಡೆ ಇಲ್ಲ.”

ಆಮೇಲೆ ತಾವೇ ಬಗ್ಗಿ ಅದನ್ನು ಕೋಳಿಯ ಕೆಳಗೆ ಸೇರಿಸಿದರು. ಅದು ಕುಕ್ಕಲಿಲ್ಲ. ಅತ್ತೆ ತಂಗಿಯ ಪಕ್ಕದಲ್ಲಿ ಹತ್ತಿಯ ಮೇಲೆಯೇ ಕೂತು, ಸಂಚಿ ಬಿಚ್ಚಿ, ಅದೇ ಕೈಯಿಂದ ಎಲೆ ತೆಗೆದು ಸುಣ್ಣ ಹಚ್ಚಿ ಮೊದಲು ಅವಳಿಗೆ ಕೊಟ್ಟರು, ಆಮೇಲೆ ತಾವು ಹಾಕಿಕೊಂಡರು.